ಗಾಜಿನ ಲೋಟ ಒಡೆಯುತ್ತದೆ, ಗಾಜಿನ ದೋಣಿ ಏಕೆ ಒಡೆಯುವುದಿಲ್ಲ? ನಾರಿನ ಮೇಜಿಗೆ ಸಹಾಯ ಬೇಕು

ಪ್ರಶ್ನೆ: ವಿಜ್ಞಾನದ ಟೀಚರ್, ಕಲ್ಯಾಣಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಎಂಟನೇ ತರಗತಿಯವರು ಮುಂದಿನ ತಿಂಗಳ ವಿಜ್ಞಾನ ಪ್ರದರ್ಶನಕ್ಕೆ ನಾರಿನ ಬಗ್ಗೆ ಒಂದು ಮೇಜು ಸಿದ್ಧಪಡಿಸುತ್ತಿದ್ದಾರೆ. ಚಾರ್ಟ್ ಬರೆದು ಗೋಡೆಗೆ ಅಂಟಿಸುವುದು ಬೇಡ, ನಿಮ್ಮ ಮನೆಯಲ್ಲಿ ಅಥವಾ ಮನೆಯವರು ಕೆಲಸ ಮಾಡುವಲ್ಲಿ ಏನು ನಾರು ಇದೆಯೋ ಅದನ್ನೇ ತನ್ನಿ ಎಂದಿದ್ದೆ. ಮೇಜು ತುಂಬಿಹೋಗಿದೆ. ಕತ್ತದ ಹಗ್ಗ, ಅದರ ಜೊತೆಗೆ ಇನ್ನೂ ಹೊಸೆಯದ ಒಂದು ಹಿಡಿ ಕತ್ತ. ಅಜ್ಜಿಯ ಉಡುಪಿ ಸೀರೆಯ ತುಂಡು. ಫೈಬರ್ ದೋಣಿಗೆ ಹಾಕುವ, ಗಾಜಿನ ಎಳೆಗಳ ಬಿಳಿ ಮ್ಯಾಟ್. ಇಂಟರ್‌ನೆಟ್ ಕೇಬಲ್. ಹರಿದ ನೈಲಾನ್ ಬಲೆ. ಒಬ್ಬಳು ಇಸಬಗೋಲಿನ ಡಬ್ಬಿಯನ್ನೂ ಒಂದು ಗೇಣು ಬಾಳೆದಿಂಡನ್ನೂ ತಂದು, "ಡಾಕ್ಟರು ಅಜ್ಜನಿಗೆ ಫೈಬರ್ ತಿನ್ನಿ ಎಂದಿದ್ದಾರೆ ಟೀಚರ್" ಎಂದಳು. ಅವಳು ಹೇಳಿದ್ದು ಸರಿಯೇ.

ವಸ್ತುಗಳಿಗೆ ಕೊರತೆ ಇಲ್ಲ. ಮಕ್ಕಳು ಕೇಳಿದ ಎರಡು ಪ್ರಶ್ನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು ಮ್ಯಾಟ್ ತಂದ ಹುಡುಗನದು: ಗಾಜಿನ ಲೋಟ ಕೈಜಾರಿದರೆ ಚೂರಾಗುತ್ತದೆ, ಅದೇ ಗಾಜಿನಿಂದ ಮಾಡಿದ ದೋಣಿ ಅಳಿವೆಯ ಅಲೆಗೆ ಸಿಕ್ಕಿಯೂ ಏಕೆ ಒಡೆಯುವುದಿಲ್ಲ? ಎರಡನೆಯದು ಬಾಳೆದಿಂಡಿನವಳದು: ದನ ಬೈಹುಲ್ಲು ತಿಂದು ಬದುಕುತ್ತದೆ, ನಾವು ಏಕೆ ಬದುಕುವುದಿಲ್ಲ?

ಪಠ್ಯದಲ್ಲಿ ಇರುವ ಉತ್ತರವನ್ನು ನಾನು ಹೇಳಬಲ್ಲೆ. ಆದರೆ ಈ ವಸ್ತುಗಳನ್ನು ದಿನವೂ ಕೈಯಲ್ಲಿ ಹಿಡಿಯುವವರು ಈ ಗುಂಪಿನಲ್ಲಿ ಇದ್ದೀರಿ. ಬಂದವರು ಮುಟ್ಟಿ, ಎಳೆದು, ಬಗ್ಗಿಸಿ ನೋಡುವಂಥದ್ದು ಏನು ಇಡಬಹುದು? ಮಕ್ಕಳ ಕೈಗೆ ಅಪಾಯವಾಗಬಾರದು, ಖರ್ಚೂ ಹೆಚ್ಚಾಗಬಾರದು.

ಉತ್ತರ: ದೋಣಿ ಶೆಡ್, ಮಲ್ಪೆ

ಟೀಚರ್, ಆ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ. ನಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬರುವ ದೊಡ್ಡ ಹುಡುಗರೂ ಕೇಳದ ಪ್ರಶ್ನೆ ಇದು.

ಮ್ಯಾಟ್ ಗಾಜೇ, ಅದರಲ್ಲಿ ಸಂಶಯವಿಲ್ಲ. ಕಾದು ಕರಗಿದ ಗಾಜನ್ನು ಸಣ್ಣ ಸಣ್ಣ ತೂತುಗಳಿಂದ ವೇಗವಾಗಿ ಎಳೆದಾಗ ಸಿಗುವ ಎಳೆಗಳನ್ನು ಕತ್ತರಿಸಿ ಹರಡಿದ್ದು. ಒಂದೊಂದು ಎಳೆ ತಲೆಗೂದಲಿಗಿಂತ ಎಷ್ಟೋ ತೆಳು. ಲೋಟದ ಗಾಜು ಸುಲಭವಾಗಿ ಒಡೆಯುವುದಕ್ಕೆ ಕಾರಣ ಅದರ ಮೈಮೇಲೆ ಇರುವ, ಕಣ್ಣಿಗೆ ಕಾಣದ ಗೀರುಗಳು. ಪೆಟ್ಟು ಬಿದ್ದಾಗ ಬಲವೆಲ್ಲ ಗೀರಿನ ತುದಿಗೆ ಹೋಗಿ ಸೇರುತ್ತದೆ, ಅಲ್ಲಿಂದ ಬಿರುಕು ಈ ಅಂಚಿನಿಂದ ಆ ಅಂಚಿನವರೆಗೆ ಓಡುತ್ತದೆ. ತಡೆಯುವವರು ಯಾರೂ ಇಲ್ಲ. 1920ರ ಹೊತ್ತಿಗೆ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ಗಾಜಿನ ಎಳೆಗಳನ್ನು ಎಳೆದು ತುಂಡರಿಸಿ ಇದನ್ನು ತೋರಿಸಿಕೊಟ್ಟರು. ಎಳೆ ತೆಳುವಾದಷ್ಟೂ, ಅದೇ ಅಳತೆಯ ದಪ್ಪಕ್ಕೆ ಲೆಕ್ಕ ಹಾಕಿದರೆ, ಅದರ ತಾಳಿಕೆ ಹೆಚ್ಚುತ್ತಾ ಹೋಯಿತು. ತೆಳು ಎಳೆಯಲ್ಲಿ ದೊಡ್ಡ ಗೀರಿಗೆ ಜಾಗವೇ ಇಲ್ಲ.

ಆದರೆ ಬರೀ ಮ್ಯಾಟ್ ಬಟ್ಟೆಯಂತೆ ಜೋತುಬೀಳುತ್ತದೆ, ಬರೀ ರೆಸಿನ್ (ಎಳೆಗಳನ್ನು ಹಿಡಿದಿಡುವ ಅಂಟುದ್ರವ) ಗಟ್ಟಿಯಾದ ಮೇಲೆ ಪಟಕ್ಕನೆ ಮುರಿಯುತ್ತದೆ. ಎರಡೂ ಸೇರಿದಾಗ ಮಾತ್ರ ದೋಣಿ. ಒಂದು ಎಳೆ ತುಂಡಾದರೆ ಬಿರುಕು ರೆಸಿನ್‌ನಲ್ಲಿ ನಿಂತುಬಿಡುತ್ತದೆ, ಭಾರವನ್ನು ಪಕ್ಕದ ಎಳೆಗಳು ಹಂಚಿಕೊಳ್ಳುತ್ತವೆ.

ನಾವು ಮೊದಲು ಅಚ್ಚಿಗೆ ಮೇಣ ಉಜ್ಜುತ್ತೇವೆ, ಅದರ ಮೇಲೆ ಬಣ್ಣದ ಜೆಲ್ ಕೋಟ್, ಆಮೇಲೆ ಮ್ಯಾಟ್. ಒಣ ಮ್ಯಾಟ್ ಅಚ್ಚ ಬಿಳಿ. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ರೆಸಿನ್ ಹಾಕಿ ಬ್ರಷ್‌ನಿಂದ ತಟ್ಟುತ್ತಾ ಹೋದಂತೆ ಆ ಬಿಳುಪು ಮಾಯವಾಗಿ ಅಡಿಯಲ್ಲಿರುವ ಜೆಲ್ ಕೋಟ್‌ನ ನೀಲಿಯೋ ಹಸಿರೋ ಮೇಲೆ ಕಾಣತೊಡಗುತ್ತದೆ. ಗಾಜು ಅಲ್ಲಿಯೇ ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಗಾಜೂ ರೆಸಿನ್ನೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಗ್ಗಿಸುತ್ತವೆ. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿದೆ ಎಂದು ಅರ್ಥ. ಅಲ್ಲಿ ರೋಲರ್ ಹಿಡಿದು ಮತ್ತೆ ಉರುಳಿಸಬೇಕು. ಗಡಿಬಿಡಿಯಲ್ಲಿ ಬಿಟ್ಟ ಒಂದು ಬಿಳಿ ಚುಕ್ಕೆಯೊಳಗೆ ಮುಂದೆ ನೀರು ಸೇರಿಕೊಳ್ಳುತ್ತದೆ. ಒಳ್ಳೆಯ ಕೆಲಸಗಾರನೋ ಅಲ್ಲವೋ ಎಂದು ನಾನು ನೋಡುವುದು ಅವನ ಕೈಯ ವೇಗವನ್ನಲ್ಲ, ಆ ಚುಕ್ಕೆಗಳನ್ನು ಅವನ ಕಣ್ಣು ಹುಡುಕುತ್ತದೆಯೇ ಎಂಬುದನ್ನು.

ಮೇಜಿನ ಮೇಲೆ ಮೂರು ಪಟ್ಟಿ ಇಡಿ: ಬರೀ ಮ್ಯಾಟ್, ಬರೀ ರೆಸಿನ್, ಎರಡೂ ಸೇರಿದ್ದು. ಬಂದವರು ಬಗ್ಗಿಸಿ ನೋಡಲಿ. ಪಟ್ಟಿಗಳನ್ನು ನಾನೇ ಮಾಡಿಕೊಡುತ್ತೇನೆ. ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ದಯವಿಟ್ಟು ಶಾಲೆಯಲ್ಲಿ ಅದನ್ನು ಬೆರೆಸಲು ಹೋಗಬೇಡಿ.

ಉತ್ತರ: ನೇಕಾರರ ಮನೆಯವಳು, ಕಿನ್ನಿಗೋಳಿ

ಟೀಚರ್, ಸೀರೆಯ ತುಂಡಿನ ಪಕ್ಕದಲ್ಲಿ ಒಂದು ಬುಟ್ಟಿ ಅರಳೆಯನ್ನೂ ಇಡಿ. ಬಂದವರು ಒಂದು ಚಿಟಿಕೆ ಹತ್ತಿ ತೆಗೆದು ಎರಡು ಕೈಯಲ್ಲಿ ಎಳೆಯಲಿ. ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಚಿಟಿಕೆಯನ್ನು ದೀಪದ ಬತ್ತಿ ಹೊಸೆಯುವ ಹಾಗೆ ಹೊಸೆದು ಎಳೆಯಲಿ. ಬರುವುದಿಲ್ಲ. ಹತ್ತಿಯ ಒಂದು ನಾರು ಎರಡೂವರೆ, ಮೂರು ಸೆಂಟಿಮೀಟರ್ ಉದ್ದ ಅಷ್ಟೇ. ಹುರಿ ಬಿದ್ದಾಗ ಒಂದನ್ನೊಂದು ಒತ್ತಿ ಹಿಡಿದುಕೊಳ್ಳುತ್ತವೆ, ಎಳೆದಷ್ಟೂ ಬಿಗಿಯಾಗುತ್ತವೆ. ಆ ಗಿಡ್ಡ ನಾರುಗಳಿಂದಲೇ ಐದೂವರೆ ಮೀಟರ್ ಸೀರೆ ನಿಲ್ಲುತ್ತದೆ.

ಉಡುಪಿ ಸೀರೆಗೆ ಬಳಸುವ 80ರ ನಂಬರಿನ ನೂಲಿನ ಲೆಕ್ಕವನ್ನು ಮಕ್ಕಳಿಂದ ಮಾಡಿಸಿ. ನಂಬರ್ ಎಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ ಎಷ್ಟು ಲಡಿ ಇವೆ ಎಂಬುದು. 80ನ್ನು 840ರಿಂದ ಗುಣಿಸಿದರೆ 67,200 ಗಜ, ಅಂದರೆ ಸುಮಾರು 61 ಕಿಲೋಮೀಟರ್. ಅರ್ಧ ಕಿಲೋಗಿಂತ ಕಡಿಮೆ ತೂಕದ ನೂಲನ್ನು ಉಡುಪಿಯಿಂದ ಮಂಗಳೂರಿನವರೆಗೆ ಚಾಚಬಹುದು. ಇಷ್ಟು ಸಪೂರದ ನೂಲು ಮಗ್ಗದ ಎಳೆತಕ್ಕೆ ತುಂಡಾಗಬಾರದು ಎಂದೇ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬರುವ, ನೂಲಿಗೆ ಗಂಜಿ ಹಾಕುವುದು. ಮಕ್ಕಳನ್ನು ಒಮ್ಮೆ ನಮ್ಮ ತಾಳಿಪಾಡಿ ನೇಕಾರರ ಸಂಘಕ್ಕೆ ಕರೆತನ್ನಿ, ಮಗ್ಗದ ಮೇಲೆ ನೋಡಿದರೆ ನಾನು ಹೇಳಿದ್ದೆಲ್ಲ ಸ್ಪಷ್ಟವಾಗುತ್ತದೆ.

ಉತ್ತರ: ಕೇಬಲ್ ಕೆಲಸದವ, ಮಂಗಳೂರು

ಮಲ್ಪೆಯ ಅಣ್ಣ ಬೆಳಕಿನ ಮಾತು ಎತ್ತಿದ್ದಾರೆ, ಅಲ್ಲಿಂದಲೇ ಮುಂದುವರಿಸುತ್ತೇನೆ. ನಾನು ಮನೆಮನೆಗೆ ಫೈಬರ್ ಎಳೆದು ಜೋಡಿಸುವವನು.

ಕೇಬಲ್ ಬಿಡಿಸಿದರೆ ಒಳಗೆ ಇರುವ ಗಾಜಿನ ಎಳೆ 125 ಮೈಕ್ರಾನ್ ದಪ್ಪ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಬೆಳಕು ಸಾಗುವುದು ಅದರ ನಟ್ಟನಡುವಿನ 9 ಮೈಕ್ರಾನಿನ ತಿರುಳಿನಲ್ಲಿ ಮಾತ್ರ. ತಿರುಳಿನ ಗಾಜು ಸುತ್ತಲಿನ ಗಾಜಿಗಿಂತ ಬೆಳಕನ್ನು ತುಸು ಹೆಚ್ಚು ಬಗ್ಗಿಸುವಂತೆ ಮಾಡಿರುತ್ತಾರೆ. ಆದ್ದರಿಂದ ಓರೆಯಾಗಿ ಅಂಚಿಗೆ ಬಡಿದ ಬೆಳಕು ಹೊರಗೆ ಹೋಗದೆ ಒಳಕ್ಕೇ ಮರಳುತ್ತದೆ. ನಿಮ್ಮ ಪಠ್ಯದ ಪೂರ್ಣ ಆಂತರಿಕ ಪ್ರತಿಫಲನ ಇದೇ.

ಇದನ್ನು ನೀರಿನಲ್ಲಿ ತೋರಿಸಿ. ಪಾರದರ್ಶಕ ಬಾಟಲಿಯ ಬದಿಯಲ್ಲಿ ಒಂದು ತೂತು ಮಾಡಿ ನೀರು ತುಂಬಿಸಿ. ತೂತಿನ ನೇರ ಎದುರು ಬದಿಯಿಂದ ಲೇಸರ್ ಪಾಯಿಂಟರ್ ಬಿಡಿ. ಕತ್ತಲೆ ಕೋಣೆಯಲ್ಲಿ ನೀರಿನ ಧಾರೆ ಬಾಗಿ ಬೀಳುವಾಗ ಬೆಳಕೂ ಅದರೊಂದಿಗೇ ಬಾಗುತ್ತದೆ. ಕೆಳಗೆ ಕೈ ಒಡ್ಡಿದರೆ ಅಂಗೈಯಲ್ಲಿ ಬೆಳಕಿನ ಚುಕ್ಕೆ ಬೀಳುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಜಿನೀವಾದಲ್ಲಿ ಕೊಲಾಡನ್, ಲಂಡನ್ನಿನಲ್ಲಿ ಟಿಂಡಾಲ್ ಜನರ ಮುಂದೆ ಮಾಡಿ ತೋರಿಸಿದ ಪ್ರಯೋಗ ಇದು. ಲೇಸರ್ ಹಿಡಿಯುವುದು ನೀವು ಮಾತ್ರ, ಮಕ್ಕಳ ಕಣ್ಣಿಗೆ ಬೀಳಬಾರದು.

ನಮ್ಮ ದೇಶದವರ ಹೆಸರನ್ನೂ ಬರೆಯಿರಿ. ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ವಿಜ್ಞಾನಿ ಹಾಪ್ಕಿನ್ಸ್ ಅವರ ಜೊತೆಗೂಡಿ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನೇ ಸಾಗಿಸಿ 1954ರಲ್ಲಿ ಪ್ರಕಟಿಸಿದರು. ಆದರೆ ಆಗಿನ ಗಾಜಿನಲ್ಲಿ ಬೆಳಕು ಬಹುಬೇಗ ಕ್ಷೀಣಿಸುತ್ತಿತ್ತು. ದೋಷ ಗಾಜಿನದಲ್ಲ, ಅದರಲ್ಲಿ ಬೆರೆತ ಕಶ್ಮಲದ್ದು ಎಂದು 1966ರಲ್ಲಿ ತೋರಿಸಿದವರು ಚಾರ್ಲ್ಸ್ ಕಾವ್. ಅವರಿಗೆ 2009ರಲ್ಲಿ ನೊಬೆಲ್ ಬಂತು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆ ಮಾಡಿದ ಎಳೆಯಲ್ಲಿ ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ನೂರರಲ್ಲಿ ಒಂದೆರಡು ಪಾಲು ಬೆಳಕು ಉಳಿಯುತ್ತಿತ್ತು, ಅದೇ ಆಗ ದೊಡ್ಡ ಸಾಧನೆ. ಇಂದು ನಾವು ಎಳೆಯುವ ಫೈಬರಿನಲ್ಲಿ ಅರ್ಧ ಬೆಳಕು ನಷ್ಟವಾಗಲು ಸುಮಾರು 15 ಕಿಲೋಮೀಟರ್ ಬೇಕು. ಅಂದರೆ ಮಲ್ಪೆಯಲ್ಲಿ ಬಿಟ್ಟ ಬೆಳಕು ಕಾಪುವಿನ ಆಸುಪಾಸಿಗೆ ಬರುವಾಗಲೂ ಅರ್ಧ ಉಳಿದಿರುತ್ತದೆ.

ಪ್ರದರ್ಶನಕ್ಕೆ ನನ್ನ ಕಡೆಯಿಂದ ಒಂದು ಹಳದಿ ಪ್ಯಾಚ್ ಕಾರ್ಡ್ (ಎರಡೂ ತುದಿಗೆ ಪ್ಲಗ್ ಇರುವ ಗಿಡ್ಡ ಫೈಬರ್ ಕೇಬಲ್) ಮತ್ತು ದೋಷ ಹುಡುಕುವ ಕೆಂಪು ಬೆಳಕಿನ ಪೆನ್ ತರುತ್ತೇನೆ. ಕೇಬಲನ್ನು ಸಡಿಲವಾಗಿ ಸುತ್ತಿದರೆ ಬೆಳಕು ತುದಿಗೆ ತಲುಪುತ್ತದೆ. ಪೆನ್ಸಿಲಿಗೆ ಬಿಗಿಯಾಗಿ ಸುತ್ತಿದರೆ ಬಾಗಿದ ಕಡೆಯಲ್ಲೇ ಕೆಂಪು ಹೊರಗೆ ಸೋರುತ್ತದೆ. ಮನೆಯಲ್ಲಿ ಕೇಬಲನ್ನು ಮೊಳೆಗೆ ಮಡಚಿ ಸಿಕ್ಕಿಸಿ, ನೆಟ್ ಬರುವುದಿಲ್ಲ ಎಂದು ಫೋನ್ ಮಾಡುವವರಿಗೆಲ್ಲ ನಾನು ಇದನ್ನೇ ತೋರಿಸುತ್ತೇನೆ. ಒಂದು ಎಚ್ಚರಿಕೆ: ಚಾಲ್ತಿಯಲ್ಲಿರುವ ಮನೆಯ ಕೇಬಲಿನ ತುದಿಯನ್ನು ಯಾರೂ ಕಣ್ಣಿನ ಹತ್ತಿರ ಹಿಡಿಯಬಾರದು. ಅದರ ಬೆಳಕು ಅವಕೆಂಪು, ಕಾಣುವುದೇ ಇಲ್ಲ.

ಪ್ಯಾಚ್ ಕಾರ್ಡ್ ಸಿಪ್ಪೆ ಬಿಡಿಸಿದರೆ ಗಾಜಿನ ಸುತ್ತ ಹಳದಿ ನೂಲಿನ ಕುಚ್ಚು ಸಿಗುತ್ತದೆ. ಅದು ಅರಾಮಿಡ್, ಗುಂಡು ತಡೆಯುವ ಅಂಗಿಯ ಕೆವ್ಲಾರ್ ಜಾತಿಯದು. 1965ರಲ್ಲಿ ರಸಾಯನ ವಿಜ್ಞಾನಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದದ್ದು. ಸಾಧಾರಣ ಕತ್ತರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ಕೇಬಲನ್ನು ಎಳೆದಾಗ ಎಳೆತವನ್ನು ತಾಳುವುದು ಆ ನೂಲು, ಗಾಜಿನ ಮೇಲೆ ಭಾರ ಬೀಳುವುದಿಲ್ಲ. ಕಂಬದಿಂದ ಮನೆಗೆ ಬರುವ ಕೆಲವು ಕೇಬಲ್‌ಗಳಲ್ಲಿ ಈ ಕೆಲಸಕ್ಕೆ ಸಣ್ಣ ಕಡ್ಡಿಗಳಿರುತ್ತವೆ. ಅವು ಮಲ್ಪೆಯ ಅಣ್ಣನ ದೋಣಿಯಂತೆಯೇ ಗಾಜಿನೆಳೆ ಮತ್ತು ರೆಸಿನ್‌ನಿಂದ ಮಾಡಿದವು.

ಉತ್ತರ: ಡಯಟಿಶಿಯನ್, ಮಣಿಪಾಲ

ಎರಡನೇ ಪ್ರಶ್ನೆ ಕೇಳಿದ ಹುಡುಗಿಗೆ ಹೀಗೆ ಹೇಳಿ ಟೀಚರ್.

ಅನ್ನದ ಪಿಷ್ಟವೂ ಬೈಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸ್ ಕೊಂಡಿಗಳ ಸರಪಳಿಗಳೇ. ಕೊಂಡಿಗಳನ್ನು ಬೆಸೆದಿರುವ ರೀತಿ ಮಾತ್ರ ಬೇರೆ. ಪಿಷ್ಟದ ಬೆಸುಗೆಯನ್ನು ಕತ್ತರಿಸುವ ಕಿಣ್ವ ನಮ್ಮ ಜೊಲ್ಲಿನಲ್ಲೇ ಇದೆ. ಸೆಲ್ಯುಲೋಸಿನ ಬೆಸುಗೆಯನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ. ದನದ ದೇಹದಲ್ಲಿಯೂ ತಯಾರಾಗುವುದಿಲ್ಲ! ಅದರ ಹೊಟ್ಟೆಯ ಮೊದಲ ಚೀಲದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ. ದನ ಮೆಲುಕು ಹಾಕಿ ಅವಕ್ಕೆ ನೆರವಾಗುತ್ತದೆ.

ಲ್ಯಾಬಿನ ಅಯೋಡಿನ್ ದ್ರಾವಣ ಸಾಕು, ಮೇಜಿನ ಮೇಲೆಯೇ ತೋರಿಸಬಹುದು. ಗಂಜಿಯ ಮೇಲೆ ಒಂದು ಹನಿ ಹಾಕಿದರೆ ಕಡುನೀಲಿ. ಔಷಧಿ ಅಂಗಡಿಯ ಹತ್ತಿಯ ಮೇಲೆ ಹಾಕಿದರೆ ಕಂದು ಕಂದಾಗಿಯೇ ಇರುತ್ತದೆ. ಹತ್ತಿಯ ಬದಲು ಸೀರೆಯ ತುಂಡಿನ ಮೇಲೆ ಹಾಕಿದರೆ ಲೆಕ್ಕ ತಪ್ಪುತ್ತದೆ, ಕಿನ್ನಿಗೋಳಿಯ ಅಕ್ಕ ಹೇಳಿದ ಗಂಜಿ ಅದರಲ್ಲಿ ಉಳಿದಿದ್ದರೆ ಸೀರೆಯೂ ನೀಲಿಯಾಗುತ್ತದೆ. ಅಥವಾ ಅದನ್ನೂ ಬೇಕೆಂದೇ ಹಾಕಿ, ಏಕೆ ನೀಲಿಯಾಯಿತು ಎಂದು ಮಕ್ಕಳೇ ಕಂಡುಹಿಡಿಯಲಿ.

ಇಸಬಗೋಲಿಗೆ ಒಂದು ಗಾಜಿನ ಲೋಟ ನೀರು ಸಾಕು. ಒಂದು ಚಮಚ ಹಾಕಿ ಕದಡಿದರೆ ಕೆಲವೇ ನಿಮಿಷಗಳಲ್ಲಿ ಲೋಳೆಯಾಗಿ ಲೋಟವನ್ನು ತುಂಬುತ್ತದೆ. ಅದು ನೀರು ಹೀರುವ ಬಗೆಯ ನಾರು. ಬಸಳೆಯ ಲೋಳೆಯೂ ಆ ಸಾಲಿಗೆ ಸೇರಿದ್ದೇ. ಕರುಳಿನಲ್ಲಿ ಮಲವನ್ನು ಮೆದುವಾಗಿ ಇಡುತ್ತದೆ, ಊಟದ ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಕೆಲವು ಬಗೆಯ ನಾರನ್ನು ನಮ್ಮ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ, ಕರುಳಿನ ಒಳಪದರದ ಜೀವಕೋಶಗಳಿಗೆ ಅದು ಆಹಾರ. ಅಜ್ಜನಿಗೆ ಮಾತ್ರ ಇದನ್ನು ಮರೆಯದೆ ಹೇಳಿ: ಇಸಬಗೋಲನ್ನು ಕದಡಿದ ಕೂಡಲೇ ಕುಡಿಯಬೇಕು, ಮೇಲೆ ಇನ್ನಷ್ಟು ನೀರು ಕುಡಿಯಬೇಕು. ಒಣಗಿದ್ದನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಕಟ್ಟಿಕೊಳ್ಳಬಹುದು.

ಬಾಳೆದಿಂಡಿನ ಬಗ್ಗೆ ಒಂದು ಮಾತು. ಬಿಲ್ಲೆಗಳಾಗಿ ಕೊಯ್ಯುವಾಗ ಹೊರಡುವ ದಾರಗಳನ್ನು ಬೆರಳಿಗೆ ಸುತ್ತಿ ತೆಗೆದು ಎಸೆಯುತ್ತೇವಲ್ಲ, ಅದರೊಂದಿಗೆ ನಾರೆಲ್ಲ ಹೋಯಿತು ಎಂದು ನನ್ನ ಬಳಿಗೆ ಬರುವ ಹಲವರು ಕೊರಗುತ್ತಾರೆ. ಹೋಗಿಲ್ಲ. ಮಜ್ಜಿಗೆ ನೀರಿನಲ್ಲಿ ಉಳಿದ ಬಿಳಿ ಹೋಳುಗಳಲ್ಲಿಯೇ ಅದು ಬೇಕಾದಷ್ಟಿದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ಸಿಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಅಲಸಂಡೆ ಪಲ್ಯ, ಗುಜ್ಜೆ, ಹರಿವೆ ಇರುವ ನಮ್ಮ ಹಳೆಯ ಊಟದಲ್ಲಿ ಅದು ಕಷ್ಟವಲ್ಲ. ಬಿಳಿ ಅಕ್ಕಿ, ಮೈದಾ, ಬೇಕರಿ ತಿಂಡಿಗೆ ಹೊರಳಿದ ಮನೆಗಳಲ್ಲಿ ಮಕ್ಕಳಿಗೇ ಮಲಬದ್ಧತೆ. ಅದನ್ನು ದಿನವೂ ನೋಡುತ್ತೇನೆ, ನೋಡಿ ಸಂಕಟಪಡುತ್ತೇನೆ.

ಉತ್ತರ: ಬಾರ್ಕೂರಿನವ

ಎಲ್ಲರೂ ಗಾಜಿನ ಹಿಂದೆ ಹೋಗಿದ್ದೀರಿ, ಕತ್ತದ ಪರವಾಗಿ ನಾನು ನಿಲ್ಲುತ್ತೇನೆ. ಹದಿನಾಲ್ಕನೇ ಶತಮಾನದಲ್ಲಿ ಬಾರ್ಕೂರು, ಮಂಗಳೂರಿನ ಮೂಲಕ ಹಾದುಹೋದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಸಮುದ್ರದ ಹಡಗುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು ಎಂದು ಬರೆದಿದ್ದಾನೆ. ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಳುಕಿ ಉಳಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ. ಕತ್ತ ಎಳೆದರೆ ಹಿಗ್ಗುತ್ತದೆ. ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಅದರಲ್ಲಿ ತುಂಬಾ ಇರುವುದರಿಂದ ಉಪ್ಪುನೀರಿಗೂ ಬೇಗ ಕೊಳೆಯುವುದಿಲ್ಲ. ತಿಂಗಳುಗಟ್ಟಲೆ ಹಿನ್ನೀರಿನಲ್ಲಿ ನೆನೆಹಾಕಿದ ಸಿಪ್ಪೆಯಲ್ಲಿ ಮಿಕ್ಕದ್ದೆಲ್ಲ ಕೊಳೆತು ನಾರು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ ಎಂದರೆ ಅದರ ತಾಳಿಕೆ ಎಂಥದ್ದು ನೋಡಿ.

ದೋಣಿ ಶೆಡ್ಡಿನ ಅಣ್ಣನಿಗೆ ನನ್ನ ಪ್ರಶ್ನೆ. ಕತ್ತ ಕೊನೆಗೆ ಮಣ್ಣಾಗುತ್ತದೆ. ನೈಲಾನ್ ಬಲೆ ಸಮುದ್ರದ ತಳದಲ್ಲಿ ವರ್ಷಗಟ್ಟಲೆ ಮೀನು ಹಿಡಿದು ಸಾಯಿಸುತ್ತಲೇ ಇರುತ್ತದೆ. ಹೊಳೆಬದಿಯಲ್ಲಿ ಕವುಚಿ ಬಿದ್ದಿರುವ ಹಳೆಯ ಫೈಬರ್ ದೋಣಿಗಳನ್ನು ಏನು ಮಾಡುವುದು? ಮಕ್ಕಳಿಗೆ ಇದನ್ನೂ ಹೇಳಬೇಕಲ್ಲವೇ?

ಉತ್ತರ: ದೋಣಿ ಶೆಡ್, ಮಲ್ಪೆ

ಹೇಳಬೇಕು. ರೆಸಿನ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಪ್ಲಾಸ್ಟಿಕ್ ಬಕೆಟ್ಟಿನ ಹಾಗೆ ಕರಗಿಸಿ ಬೇರೆ ವಸ್ತು ಮಾಡಲು ಬರುವುದಿಲ್ಲ. ಬಯಲಲ್ಲಿ ಸುಟ್ಟರೆ ವಿಷದ ಹೊಗೆ, ಸುಡಲೇಬಾರದು. ನನ್ನ ಕೈಲಾದದ್ದು ದುರಸ್ತಿ. ಬಿರುಕು ಬಿಟ್ಟ ಕಡೆ ಮೇಲೆ ಮೇಲೆ ಪುಟ್ಟಿ ಮೆತ್ತಿದರೆ ಒಂದು ಹಂಗಾಮು ದಾಟುವುದಿಲ್ಲ. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಬೇಕು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ. ಆಮೇಲೆ ಪದರ ಪದರವಾಗಿ ಮ್ಯಾಟ್ ಕೂರಿಸಬೇಕು. ಆಗ ಹೊಸ ಎಳೆ ಹಳೆಯ ಎಳೆಯ ಮೇಲೆ ಸಾಕಷ್ಟು ಉದ್ದಕ್ಕೆ ಹಾಯ್ದು ಭಾರವನ್ನು ದಾಟಿಸುತ್ತದೆ. ಹಾಗೆ ಮಾಡಿದ ದೋಣಿ ಮತ್ತೆ ಬಹುಕಾಲ ನೀರಿಗಿಳಿಯುತ್ತದೆ. ಜೂನ್, ಜುಲೈಯ ಮೀನುಗಾರಿಕೆ ರಜೆಯಲ್ಲಿ ನನಗೆ ಈ ಕೆಲಸವೇ ಹೆಚ್ಚು. ಮಳೆಯ ತೇವಕ್ಕೆ ರೆಸಿನ್ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಒಣಗಿದ ಜಾಗ, ಒಣಗಿದ ಮೈ ಸಿಗುವವರೆಗೆ ಕಾಯುತ್ತೇನೆ. ದೋಣಿಯ ಮಾಲೀಕರು ಅವಸರ ಮಾಡಿದರೂ ಕಾಯುತ್ತೇನೆ.

ಪ್ರಶ್ನೆ ಕೇಳಿದವರು: ವಿಜ್ಞಾನದ ಟೀಚರ್, ಕಲ್ಯಾಣಪುರ

ಇಷ್ಟು ಸಿಗುತ್ತದೆ ಎಂದು ಎಣಿಸಿರಲಿಲ್ಲ. ಇಂದು ತರಗತಿಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಹತ್ತಿ ಹೊಸೆದು ಎಳೆಯುವುದನ್ನು ಆಗಲೇ ಮಾಡಿ ನೋಡಿದರು. ಬೆಲ್ ಹೊಡೆದರೂ ಎದ್ದವರಿಲ್ಲ. ಗಂಜಿ ಹಾಕಿದ ಸೀರೆಯ ತುಂಡಿಗೆ ಅಯೋಡಿನ್ ಹಾಕುವುದು ಖಚಿತ.

ಬಾರ್ಕೂರಿನವರ ಪ್ರಶ್ನೆಯಿಂದ ಮಕ್ಕಳಿಗೆ ಇನ್ನೊಂದು ಯೋಚನೆ ಬಂದಿದೆ. ಶಾಲೆಯ ತೋಟದಲ್ಲಿ ಹತ್ತಿ ಬಟ್ಟೆ, ಕತ್ತ, ನೈಲಾನ್, ದೋಣಿಯ ಚೂರು, ನಾಲ್ಕನ್ನೂ ಒಂದೇ ಆಳಕ್ಕೆ ಹೂತು, ತಿಂಗಳಿಗೊಮ್ಮೆ ಅಗೆದು ನೋಡಿ ಬರೆದಿಡುತ್ತಾರಂತೆ. ಪ್ರದರ್ಶನಕ್ಕೆ ಒಂದು ತಿಂಗಳ ಫಲ ಮಾತ್ರ ಸಿಗುತ್ತದೆ, ಆದರೂ ವರ್ಷವಿಡೀ ಮುಂದುವರಿಸಬೇಕು ಎಂದು ಹಟ ಹಿಡಿದಿದ್ದಾರೆ. ಅಣ್ಣ, ನಿಮ್ಮ ಶೆಡ್ಡಿನಿಂದ ಅಂಗೈ ಅಗಲದ ಒಂದು ಹಳೆಯ ಚೂರು ಸಿಗಬಹುದೇ? ಪಟ್ಟಿಗಳನ್ನು ತೆಗೆದುಕೊಳ್ಳಲು ಯಾವಾಗ ಬರಲಿ?

ಉತ್ತರ: ದೋಣಿ ಶೆಡ್, ಮಲ್ಪೆ

ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ ಟೀಚರ್, ಪಟ್ಟಿಗಳು ಅಷ್ಟರಲ್ಲಿ ಪೂರ್ತಿ ಗಟ್ಟಿಯಾಗಿರುತ್ತವೆ. ಹೂಳುವುದಕ್ಕೆ ಒಂದಲ್ಲ, ನಾಲ್ಕು ಚೂರು ಕೊಡುತ್ತೇನೆ, ಅಂಚುಗಳನ್ನು ಉಜ್ಜಿ ನುಣುಪು ಮಾಡಿರುತ್ತೇನೆ. ಬರೀ ಮ್ಯಾಟಿನ ಪಟ್ಟಿಯನ್ನು ಪಾರದರ್ಶಕ ಚೀಲದೊಳಗೆ ಹಾಕಿ ಅಂಟಿಸಿಯೇ ಮೇಜಿನ ಮೇಲೆ ಇಡಿ, ಚೀಲದ ಹೊರಗಿನಿಂದಲೇ ಬಗ್ಗಿಸಿ ನೋಡಬಹುದು. ಯಾರಿಗಾದರೂ ಎಳೆ ಚುಚ್ಚಿ ತುರಿಸಿದರೆ ಉಜ್ಜಬಾರದು. ಮೊದಲು ಹರಿಯುವ ತಣ್ಣೀರಿನಲ್ಲಿ ತೊಳೆಯಿರಿ, ಆಮೇಲೆ ಅಂಟುಪಟ್ಟಿ ಒತ್ತಿ ಎತ್ತಿದರೆ ಉಳಿದ ಎಳೆಗಳೂ ಬರುತ್ತವೆ. ಮ್ಯಾಟ್ ತಂದ ಆ ಹುಡುಗನನ್ನೂ ಜೊತೆಗೆ ಕರೆದುಕೊಂಡು ಬನ್ನಿ, ರೋಲರ್ ಹಿಡಿಸಿ ಬಿಳಿ ಚುಕ್ಕೆ ತೋರಿಸುತ್ತೇನೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಬರಲಿ, ಪೂರ್ಣ ತೋಳಿನ ಅಂಗಿ ಇರಲಿ.